ಕರೆಂಟ್ ಹೋದಾಗ ಓದುವ ಮಾಸ್ತರ

ಇಳಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸಿನ ಮಾಸ್ತರನೊಬ್ಬ ಬಾಡಿಗೆಗಿದ್ದ. ಅದೇನೋ ನೆಟ್‌ವರ್ಕಿಂಗ್ ಪರೀಕ್ಷೆಯಂತೆ, ಒಮ್ಮೆ ಫೇಲಾಗಿ ಮತ್ತೆ ಓದುತ್ತಿದ್ದ. ಈ ಸಲವೂ ಫೇಲಾದರೆ ಕೆಲಸ ಹೋಗುತ್ತಿತ್ತು. ಗೋಡೆಯಾಚೆ ನಮ್ಮ ಪವರ್‌ಲೂಮಿನ ಗದ್ದಲ. ಕರೆಂಟ್ ಹೋಗಿ ಮಗ್ಗ ನಿಂತರೆ ಓಣಿಯೆಲ್ಲ ಬೈಯುತ್ತಿತ್ತು. ಅವನೊಬ್ಬ ಮಾತ್ರ ಪುಸ್ತಕ ಹಿಡಿದು ಕಿಟಕಿಯ ಬಳಿ ಕೂಡುತ್ತಿದ್ದ.

"ತಲಿಗೆ ಹತ್ತತೈತೇನಪಾ?" ಎಂದು ನಾನು ಕೇಳಿದರೆ ಕಣ್ಣು ತಿಕ್ಕಿಕೊಂಡು, "ನೋಡೂಣ್ರಿ ಅಮ್ಮಾ" ಎನ್ನುತ್ತಿದ್ದ. ಅಷ್ಟೇ.

ಪರೀಕ್ಷೆಯ ಹಿಂದಿನ ದಿನ ಕರೆಂಟ್ ಹೋಗಲೇ ಇಲ್ಲ. ಮಧ್ಯಾಹ್ನ ನಾನೇ ಮಗ್ಗ ನಿಲ್ಲಿಸಿದೆ. ಅವನು ತನ್ನ ಕೋಣೆಯ ಬಾಗಿಲಿಗೆ ಬಂದ.

"ಕರೆಂಟ್ ಹೋತೇನ್ರಿ ಅಮ್ಮಾ?"

"ಹೂಂ, ಹೋತು. ಓದ್ಹೋಗು."

ಅವನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ತಲೆಯೆತ್ತಿ ಅದನ್ನು ನೋಡಿದ. ಅದನ್ನು ಆರಿಸಿ, ಧಗೆಯಲ್ಲೇ ಓದಲು ಕೂತ.