ಡಬ್ಬಿಯಮ್ಮ ಮನೆ ಖಾಲಿ ಮಾಡಿದ್ದು

ಡಬ್ಬಿಯಮ್ಮ ಅನ್ನುವುದು ಗಂಡ ಇಟ್ಟ ಹೆಸರು. ಒಂದು ಖಾಲಿ ಡಬ್ಬಿಯನ್ನೂ ಆಕೆ ಜನ್ಮದಲ್ಲಿ ಎಸೆದವಳಲ್ಲ. ಪರದೇಶಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಗಂಡ ಹಡಗುಕಟ್ಟೆಯಲ್ಲಿ ವೆಲ್ಡರ್; ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವೆಲ್ಲ ಚಾದರ ಮಡಿಚುವವಳು. ಗುತ್ತಿಗೆ ಮುಗಿದು ಊರಿಗೆ ಹೊರಡುವ ಹೊತ್ತು ಬಂತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮನೆ ಖಾಲಿ ಮಾಡಿ ಕೀಲಿ ಒಪ್ಪಿಸಬೇಕು. ಮಿಕ್ಕಿದ್ದೆಲ್ಲ ಕೆಳಗಿನ ಕಸದ ತೊಟ್ಟಿಗೆ. ತಾನು ಉಜ್ಜಿ ಉಜ್ಜಿ ಫಳಫಳ ಅನ್ನಿಸಿದ ಬಾಣಲೆ ಕಸಕ್ಕೆ ಹೋಗುವುದೆಂದರೆ ಆಕೆಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಸಾಲಿನ ಮನೆಗಳಿಗೆ ಹಂಚುವುದೆಂದು ತೀರ್ಮಾನವಾಯಿತು. ಅಲ್ಲಿನ ಭಾಷೆ ಕೇಳಿದರೆ ಆಕೆಗೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ‘ನಿಮಗೆ’, ‘ತಗೊಳ್ಳಿ’ ಬಿಟ್ಟರೆ ಹೆಚ್ಚು ಬರುತ್ತಿರಲಿಲ್ಲ. ಗಂಡನದೂ ಅಷ್ಟಕ್ಕಷ್ಟೇ. ಅಷ್ಟು ಸಾಕು ಅನ್ನಿ. ಆದರೆ ಯಾರಿಗೂ ಬರಿಪಾತ್ರೆ ಕೊಡಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳಲ್ಲ? ಗುರುವಾರ ಕುಕ್ಕರಿಗೆ ಅಕ್ಕಿ ತುಂಬಿ ಬಸ್ ಡ್ರೈವರನ ಹೆಂಡತಿಗೆ ಕೊಟ್ಟಳು. ದೊಡ್ಡ ಪಾತ್ರೆಗೆ ಈರುಳ್ಳಿ ಹಾಕಿ ಓದುವ ಹುಡುಗಿಯರಿಗೆ, ಬಾಣಲೆಗೆ ಆಲೂಗಡ್ಡೆ ಹಾಕಿ ಎದುರುಮನೆಯ ಮುದುಕನಿಗೆ, ಬಕೆಟ್ಟಿಗೆ ಬಟ್ಟೆ ಕ್ಲಿಪ್ಪು ಹಾಕಿ ಕ್ಷೌರದವನಿಗೆ. ಉಳಿದ ದಿನಸಿಯೂ ಖಾಲಿಯಾಯಿತು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಶುಕ್ರವಾರ ಸಂಜೆ ಬಾಗಿಲ ಬೆಲ್ಲು ಶುರುವಾಯಿತು. ಕುಕ್ಕರ್ ತೊಳೆದು ವಾಪಸ್ ಬಂತು, ಒಳಗೆ ಆರು ಮೊಟ್ಟೆ. ದೊಡ್ಡ ಪಾತ್ರೆಯಲ್ಲಿ ಕಿತ್ತಳೆ. ಬಕೆಟ್ಟಿನಲ್ಲಿ ಸೋಪು. ಬಾಣಲೆಯ ತುಂಬ ಬಿಸ್ಕತ್ತು. ಅಷ್ಟು ಹೊಳೆಯುವ ಪಾತ್ರೆಯನ್ನು ಬೇಡವೆಂದು ಕೊಡುತ್ತಾರೆಂದು ಯಾರು ನಂಬುತ್ತಾರೆ? ಕೊಟ್ಟಿದ್ದು ಒಳಗಿನ ಸಾಮಾನು ಎಂದೇ ಎಲ್ಲರೂ ತಿಳಿದಿದ್ದರು. ಆಕೆ ‘ನಿಮಗೆ, ನಿಮಗೆ’ ಎಂದು ತಳ್ಳಿದಷ್ಟೂ ಅವರು ಮರ್ಯಾದೆಯಿಂದ ನಕ್ಕು ಒಳಗಿಟ್ಟು ಹೋದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

“ಮನೆ ಖಾಲಿ ಮಾಡು ಅಂದ್ರೆ ಅಂಗಡಿ ಇಟ್ಕೊಂಡ್ಯಲ್ಲೇ,” ಎಂದ ಗಂಡ, ಬಿಸ್ಕತ್ತು ಕಡಿಯುತ್ತ.

ಶನಿವಾರ ಹನ್ನೊಂದು ಗಂಟೆಯಾದರೂ ಅಡುಗೆಮನೆ ಭರ್ತಿಯಾಗಿಯೇ ಇತ್ತು. ಒಳಗೆ ಏನಾದರೂ ಇರುವತನಕ ಪಾತ್ರೆ ತಿರುಗಿ ಬರುತ್ತದೆ, ಖಾಲಿ ಕೊಟ್ಟು ನೋಡು ಎಂದ ಗಂಡ. ಡಬ್ಬಿಯಮ್ಮ ಮುಖ ಸಿಂಡರಿಸಿದಳು. ಕಿಟಕಿಯಿಂದ ಬಗ್ಗಿ ಕಸದ ತೊಟ್ಟಿಯನ್ನು ನೋಡಿದಳು. ಮನಸ್ಸಿನಲ್ಲೇ ತಾಯಿಯ ಕ್ಷಮೆ ಕೇಳಿ, ಬರೀ ಬಾಣಲೆ ಹಿಡಿದು ಎದುರುಮನೆಯ ಬಾಗಿಲು ತಟ್ಟಿದಳು.

ಮುದುಕ ಕ್ರೇನ್ ನಡೆಸಿ ನಿವೃತ್ತನಾದವನು, ಮಾತು ಕಡಿಮೆ. ನಗುತ್ತಲೇ ಬಾಣಲೆಯೊಳಗೆ ನೋಡಿದ. ಏನೂ ಇಲ್ಲ. ತಲೆಯೆತ್ತಿ ಆಕೆಯ ಮುಖ ನೋಡಿದ, ಆಮೇಲೆ ಅವಳ ಹಿಂದೆ ತೆರೆದಿದ್ದ ಬಾಗಿಲಿನಲ್ಲಿ ಪರದೆ ಇಲ್ಲದ ಕಿಟಕಿ, ಕಟ್ಟಿಟ್ಟ ಸೂಟ್‌ಕೇಸು ನೋಡಿದ. ನಗು ಹೋಯಿತು.

“ಹೊರಟ್ರಾ?” ಎಂದ.

ಡಬ್ಬಿಯಮ್ಮ ಬೆಪ್ಪಾದಳು. ಇವರಿಗೆ ಗೊತ್ತೇ ಇರಲಿಲ್ಲವೇ? ಅವಳೂರಿನಲ್ಲಿ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ಸಾಕು, ಬೀದಿಗೆಲ್ಲ ಸುದ್ದಿ. ಇಲ್ಲಿ ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೌದೆಂದು ತಲೆಯಾಡಿಸಿದಳು.

ಮುದುಕ ಸಾಲಿನ ಬಾಗಿಲನ್ನೆಲ್ಲ ತಟ್ಟಿದ. ಅರ್ಧ ಗಂಟೆಯಲ್ಲಿ ಕುಕ್ಕರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಕೈಗೊಂದರಂತೆ ಹೋದವು. ಕ್ಷೌರದವನಂತೂ ಚಾಪೆ ಸುತ್ತಿಕೊಂಡು ಕುಣಿಯುತ್ತ ಹೋದ. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ತೊಟ್ಟಿಗೆ ಒಂದು ಚಮಚವೂ ಬೀಳಲಿಲ್ಲ. ಡಬ್ಬಿಯಮ್ಮ ಗೆದ್ದಿದ್ದಳು.

ಮುದುಕ ಮಾತ್ರ ಬಾಣಲೆ ಹಿಡಿದು ನಿಂತೇ ಇದ್ದ. ಆಕೆಗೆ ತಿಳಿಯಲೆಂದು ನಿಧಾನವಾಗಿ ಹೇಳಿದ: “ನಿನ್ನೆ ನಾವೆಲ್ಲ ಸೇರಿ ಮಾತಾಡ್ಕೊಂಡಿದ್ವಿ. ಮುಂದಿನ ವಾರ ನಿಮ್ಮ ಪಾತ್ರೆ ಮತ್ತೆ ಬಂದ್ರೆ, ಯಾರು ಏನು ತುಂಬಿ ಕೊಡೋದು ಅಂತ.”

ಒಂಬತ್ತು ವರ್ಷದಲ್ಲಿ ಆ ಸಾಲಿನವರು ಒಟ್ಟಿಗೆ ಕೂತು ಮಾತಾಡಿದ್ದು ಅದೇ ಮೊದಲಂತೆ. ಡಬ್ಬಿಯಮ್ಮ ನಕ್ಕಳು, ಕಣ್ಣು ತುಂಬಿಕೊಂಡಿತು. ಬಂದ ವರ್ಷವೇ ಹೀಗೊಂದು ಪಾತ್ರೆ ತುಂಬಿ ಕೊಡಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು.