ಭಾವ ಜೋಡಿಸಿದ ಬ್ರೇಕು

ಮೊನ್ನೆ ಶೆಡ್ಡಿನಲ್ಲಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೆ. ಆ ಮಂದ, ಜಿಡ್ಡು ವಾಸನೆ ಮೂಗಿಗೆ ತಾಗಿದ್ದೇ ತಡ, ಭಾವ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ ಹಾಗಾಯಿತು. ಹಾಳು ವಾಸನೆ. ಸತ್ತವರನ್ನು ಕರೆತರುವುದಕ್ಕೆ ಅದಕ್ಕೆ ನನ್ನ ಅಪ್ಪಣೆ ಬೇಡ...

ಭಾವ ಎಂದರೆ ನನ್ನ ಅಕ್ಕನ ಗಂಡ. ಕೋತಗಿರಿಯ ಹತ್ತಿರದ ನಮ್ಮ ಹಟ್ಟಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಸಾಲಿನಲ್ಲಿದ್ದವು. ಇಬ್ಬರಿಗೂ ಚೂರುಪಾರು ಟೀ ತೋಟ, ಇಬ್ಬರಿಗೂ ಒಂದೇ ಹುಚ್ಚು. ಒಂದೇ ಮಾದರಿಯ ಎರಡು ಹಳೆಯ ಕಾರುಗಳನ್ನು ತಂದು, ಹಿಂದಿನ ಸೀಟು ಕಿತ್ತು, ಕೊಯಮತ್ತೂರಿನ ಕಡೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಸಜ್ಜು ಮಾಡಿಕೊಂಡಿದ್ದೆವು. ನನಗಿನ್ನೂ ಮದುವೆಯಾಗಿರಲಿಲ್ಲ. "ಸೀಟು ಇಲ್ಲದ ಕಾರು ಇಟ್ಟುಕೊಂಡವನಿಗೆ ಯಾರು ಹೆಣ್ಣು ಕೊಡುತ್ತಾರೆ" ಎಂದು ಹಟ್ಟಿಯ ಹಿರಿಯರು ಗೇಲಿ ಮಾಡಿದರೆ, ಭಾವನೇ ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದರು.

ಟ್ರ್ಯಾಕಿನಲ್ಲಿ ಎಂಜಿನ್‌ಗಿಂತ ಮೊದಲು ಕೈಕೊಡುವುದು ಬ್ರೇಕು. ಅದಕ್ಕೇ ನಾವು ನಾಲ್ಕು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್ ಹಾಕಿಸಿಕೊಂಡಿದ್ದೆವು. ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಇಕ್ಕಳ ಅದು. ಅದರ ಪ್ರತಿ ಪಿಸ್ಟನ್ನಿನ ಸುತ್ತ ಒಂದು ರಬ್ಬರ್ ಸೀಲು, ತೆಳ್ಳನೆಯ ಬಳೆಯಷ್ಟು. ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಅದೇ, ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಅದೇ. ಟ್ರ್ಯಾಕಿನ ಬಿಸಿಗೆ ಅದು ಗಟ್ಟಿಯಾಗಿ ಸತ್ತುಹೋಗುತ್ತದೆ. ಒಮ್ಮೆ ಬಿಚ್ಚಿ ತೆಗೆದ ಸೀಲನ್ನು ಮತ್ತೆ ಹಾಕಬಾರದು ಎಂದು ನನಗೆ ಕಲಿಸಿದವರು ಭಾವ. ಮಂಜು ಕವಿದ ದಿನ ಎಣ್ಣೆ ಡಬ್ಬಿ ತೆರೆಯಬಾರದು, ಎಣ್ಣೆ ಗಾಳಿಯ ನೀರನ್ನು ಕುಡಿಯುತ್ತದೆ ಎಂದು ಕಲಿಸಿದವರೂ ಅವರೇ.

ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಅದನ್ನು ಮಾಡಿದವರೂ ಭಾವ. ಬ್ರೇಕು ಜೋಡಿಸಿದವನೇ ಮೊದಲು ಓಡಿಸಬೇಕು. ಕಾರು ಯಾರದ್ದಾದರೂ ಸರಿ, ಜೋಡಿಸಿದವನು ಮೇಟ್ಟುಪಾಳ್ಯದ ರಸ್ತೆಯಲ್ಲಿ ನಾಲ್ಕಾರು ತಿರುವು ಇಳಿದು, ಹತ್ತಿ ಬಂದ ಮೇಲೆಯೇ ಕಾರಿನವನ ಕೈಗೆ ಕೀಲಿ. "ನಾ ಮಾಡಿದ ಕೆಲಸಕ್ಕೆ ನನ್ನ ಜೀವ ಮೊದಲು" ಎನ್ನುತ್ತಿದ್ದರು. ಎಷ್ಟೋ ಸಲ ನನ್ನ ಕಾರನ್ನು ಹಾಗೆ ಇಳಿಸಿ ಬಂದಿದ್ದರು. ನಾನು ಗೇಟಿನಲ್ಲಿ ನಿಂತು ಕಾಯುತ್ತಿದ್ದೆ. ಆಗೆಲ್ಲ, ಇಂಥವರು ನನ್ನ ಭಾವ ಎಂದು ಎದೆ ಉಬ್ಬುತ್ತಿತ್ತು.

ಒಂದು ವರ್ಷ ಚಳಿ ಇಳಿಯುವ ಹೊತ್ತಿಗೆ ಇಬ್ಬರ ಕ್ಯಾಲಿಪರಿನಿಂದಲೂ ಎಣ್ಣೆ ಜಿನುಗತೊಡಗಿತು. ಟ್ರ್ಯಾಕಿಗೆ ಹೋಗುವ ಭಾನುವಾರ ಹತ್ತಿರ ಬಂದಿತ್ತು. ಹೊಸ ಸೀಲುಗಳಿಗೆ ಹೇಳಿ ಕಳಿಸಿ ಕಾದು ಕಾದು, ಕೊನೆಗೆ ಬಂದದ್ದು ಒಂದು ಕಾರಿಗಾಗುವಷ್ಟೇ.

"ನಿನ್ನ ವಂಡಿಗೇ ಹಾಕುವ. ನಾ ಈ ಸಲ ಬರುವುದಿಲ್ಲೆ," ಎಂದರು ಭಾವ. ಅವರಿಗೆ ಟ್ರ್ಯಾಕೆಂದರೆ ಎಷ್ಟು ಆಸೆ ಎಂದು ನನಗೆ ಗೊತ್ತಿತ್ತು.

ಕ್ಯಾಲಿಪರ್ ಬಿಚ್ಚಿ, ಒಳಗೆ ಮರದ ತುಂಡು ಕೊಟ್ಟು, ಕಂಪ್ರೆಸರಿನ ಗಾಳಿ ಬಿಟ್ಟು ಪಿಸ್ಟನ್ ಹೊರತೆಗೆದವನು ನಾನೇ. ಹಳೆಯ ಸೀಲುಗಳನ್ನು ಎಬ್ಬಿಸುವಾಗ ಸ್ಕ್ರೂಡ್ರೈವರಿನ ಮೊನೆ ಜಾರಿ ಒಂದರ ಅಂಚು ಹರಿಯಿತು. ಎಸೆಯುವುದು ತಾನೇ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಎಲೆ ಫ್ಯಾಕ್ಟರಿಗೆ ಹೊರಡುವ ಹೊತ್ತಾಯಿತು. ಕೊಯ್ದ ಎಲೆ ಕಾಯುವುದಿಲ್ಲ. "ನೀ ಹೋಗು, ನಾ ಜೋಡಿಸುವೆ," ಎಂದರು ಭಾವ. ಸಂಜೆ ಬಂದು ನೋಡಿದರೆ ಎಲ್ಲ ಮುಗಿದಿತ್ತು.

ಮರುದಿನ ಬೆಳಗ್ಗೆ ಇಳಿಸುವ ಸರದಿ ಅವರದ್ದು. ಭಾವ ಕೀಲಿಯನ್ನು ನನ್ನ ಕಡೆ ಚಾಚಿದರು. "ಮಂಡಿ ಹಿಡಿದುಕೊಂಡಿದೆ. ನೀನೇ ಇಳಿಸಿ ಬಾ."

ನಾನು ಹೋದೆ. ಭಾವ ಜೋಡಿಸಿದ ಬ್ರೇಕಿನ ಮೇಲೆ ಅನುಮಾನವೇ?

ಮೊದಲ ತಿರುವಿನಲ್ಲಿ ಪೆಡಲ್ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೆತ್ತಗಾಯಿತು. ಇನ್ನೊಂದು ತಿರುವಿಗೆ ಬರುವಾಗ ಕಾಲು ಸೀದಾ ಕೆಳಗೆ ಹೋಯಿತು, ಕಾರು ಮಾತ್ರ ಹೋಗುತ್ತಲೇ ಇತ್ತು. ಎದುರಿಗೆ ಬಸ್ಸು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿನ ಬರೆಗೆ ಉಜ್ಜಿಸಿ ಹೇಗೋ ನಿಲ್ಲಿಸಿದೆ. ಬಸ್ಸಿನವನು ತಮಿಳಿನಲ್ಲಿ ನನ್ನ ವಂಶವನ್ನೆಲ್ಲ ಬೈದು ಹೋದ.

ಕಾರನ್ನು ಅಲ್ಲೇ ಬಿಟ್ಟು ನಡೆದು ಬಂದೆ. ಭಾವ ಗೇಟಿನಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ವಂಡಿ ನಿಲ್ಲಿಲ್ಲೆಯಾ?"

ಪೆಟ್ರೋಲ್ ಮುಗಿಯಿತಾ, ಟೈರು ಹೋಯಿತಾ ಎಂದಲ್ಲ. ಪೆಟ್ಟಾಯಿತಾ ಎಂದೂ ಅಲ್ಲ. ನನ್ನ ಕಡೆಗೆ ಬೇಗ ಬೇಗ ನಡೆದು ಬಂದರು, ಮಂಡಿ ಹಿಡಿದ ಲಕ್ಷಣವೇ ಇರಲಿಲ್ಲ.

ಕಾರನ್ನು ಎಳೆಸಿ ತಂದು ಒಬ್ಬನೇ ಬಿಚ್ಚಿದೆ. ಒಳಗಿದ್ದದ್ದು ಹಳೆಯ ಸೀಲುಗಳೇ, ಒರೆಸಿ ಮತ್ತೆ ಕೂರಿಸಿದ್ದವು. ಅಂಚು ಹರಿದದ್ದೂ ಅಲ್ಲೇ ಇತ್ತು, ನನ್ನದೇ ಕೈಯ ಗುರುತು. ಭಾವನ ಕಾರಿನ ಹತ್ತಿರ ಹೋಗಿ ಚಕ್ರದ ಸಂದಿಯಲ್ಲಿ ಇಣುಕಿದೆ. ಅವರ ಕ್ಯಾಲಿಪರಿನ ಪಿಸ್ಟನ್ನುಗಳ ಸುತ್ತ, ಹೊಸ ಸೀಲುಗಳ ಜೊತೆಗೇ ಬರುವ ಧೂಳುತಡೆಯ ರಬ್ಬರು ಕಪ್ಪಗೆ ಹೊಳೆಯುತ್ತಿತ್ತು. ಟ್ರ್ಯಾಕಿನ ಆಸೆ ಬಿಡಲಾಗದಿದ್ದರೆ ಕೇಳಬಹುದಿತ್ತು, ಕೊಡುತ್ತಿದ್ದೆ. ಆಸೆಗೆ ಕದ್ದರೆಂದು ಅದನ್ನೂ ಕ್ಷಮಿಸಬಹುದಿತ್ತೇನೋ. ಆದರೆ ಆ ಬ್ರೇಕನ್ನು ತಾವು ಇಳಿಸಲು ಹೆದರಿ, ಕೀಲಿಯನ್ನು ನನ್ನ ಕೈಗೆ ಕೊಟ್ಟರಲ್ಲ... ಅದು ನನಗೆ ಇವತ್ತಿಗೂ ನುಂಗಲಾಗದ್ದು.

ಹರಿದ ಸೀಲನ್ನು ಅವರ ಅಂಗೈಯಲ್ಲಿಟ್ಟೆ. "ನಿನ್ನಕ್ಕಗೆ ಹೇಳಬೇಡ," ಎಂದರು. ಅಷ್ಟೇ. ಭಾನುವಾರ ನನ್ನ ಸೀಲು ಹಾಕಿಕೊಂಡು ಟ್ರ್ಯಾಕಿಗೆ ಹೋದರು. ಅಕ್ಕ ಬುತ್ತಿ ಕಟ್ಟಿಕೊಟ್ಟಳು.

ನಾನು ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಗಂಡ ಎಂದರೆ ದೇವರ ಮುಂದಿನ ದೀಪ. ಹಬ್ಬಕ್ಕೆ ಹೋದೆ, ಉಂಡೆ, ಹವಾಮಾನದ ಮಾತಾಡಿದೆ. ಒಂದು ನಟ್ಟನ್ನೂ ಮತ್ತೆ ಅವರ ಜೊತೆ ಬಿಚ್ಚಲಿಲ್ಲ. ಯಾವತ್ತೋ ಒಂದು ದಿನ ಅವರೇ ಬಂದು ತಪ್ಪಾಯಿತು ಎನ್ನುತ್ತಾರೆ ಎಂದು ವರ್ಷಗಟ್ಟಲೆ ಕಾದೆ. ಹೋದ ಮಳೆಗಾಲದಲ್ಲಿ ಎದೆನೋವು ಬಂದು ಒಂದೇ ದಿನಕ್ಕೆ ಹೋಗಿಬಿಟ್ಟರು.

ನಮ್ಮಲ್ಲಿ ಹೆಣದ ಮುಂದೆ ಹಿರಿಯರೊಬ್ಬರು ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಎಲ್ಲರಿಗೂ ಹೇಳುವ ಪಾಪಗಳೇ ಅವು. ಪ್ರತಿಯೊಂದಕ್ಕೂ ಕೂಡಿದವರೆಲ್ಲ ಅದು ಕಳೆದುಹೋಗಲಿ ಎಂದು ದನಿಗೂಡಿಸಬೇಕು. ಹಾವು ಕೊಂದದ್ದು, ಹಸಿ ಮರ ಕಡಿದದ್ದು, ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ್ದು... ನಾನು ಕಿವಿಗೊಟ್ಟು ನಿಂತಿದ್ದೆ. ಭಾವ ನನಗೆ ಮಾಡಿದ್ದು ಅದರಲ್ಲಿ ಬರಲಿಲ್ಲ. ಬರುವುದಾದರೂ ಹೇಗೆ? ಹಟ್ಟಿಯೆಲ್ಲ ದನಿಗೂಡಿಸಿತು. ನನ್ನ ಬಾಯಿ ಬಿಗಿದೇ ಇತ್ತು.

ಮೊನ್ನೆ ಆ ಡಬ್ಬಿ ಹಿಡಿದು ಹಾಗೇ ಕೂತಿದ್ದಾಗ ಅಕ್ಕ ಟೀ ತಂದಳು. ಲೋಟ ಕೊಟ್ಟವಳು ಹೋಗದೆ ನಿಂತಳು.

"ಅವತ್ತು ಎಲ್ಲರೂ ಹೇಳಿದರು, ನೀನೊಬ್ಬನೇ ಹೇಳಿಲ್ಲೆ. ನಾ ನೋಡಿದೆ. ಏಕ?"

"ಗಂಟಲು ಕಟ್ಟಿತ್ತಕ್ಕ," ಎಂದೆ.

ಅಕ್ಕನ ಕಣ್ಣು ತುಂಬಿತು. "ನಿನಗೆ ಅವರೆಂದರೆ ಅಷ್ಟು ಪ್ರೀತಿ," ಎಂದು ನನ್ನ ತಲೆ ಸವರಿದಳು. ನಾನು ತಲೆ ತಗ್ಗಿಸಿ ಟೀ ಕುಡಿದೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.