ಅವ್ವನ ಹೊನ್ನೆ ಲೋಟ

ಅವ್ವನ ಹೊನ್ನೆ ಮರದ ಲೋಟ ಹೋದ ವಾರ ಸೀಳು ಬಿಟ್ಟಿತು. ರಾತ್ರಿ ಅದರಲ್ಲಿ ನೀರು ತುಂಬಿಟ್ಟು, ಬೆಳಿಗ್ಗೆ ಹಳದಿಗೆ ತಿರುಗಿದ ಆ ನೀರನ್ನು ಸಕ್ಕರೆ ಕಾಯಿಲೆಗೆಂದು ಕುಡಿಯುವುದು ಅವಳ ಎಷ್ಟೋ ವರ್ಷಗಳ ರೂಢಿ. ಅಂಥದ್ದೇ ಇನ್ನೊಂದು ಬೇಕೆಂದಳು. ನಂಜನಗೂಡಿನಲ್ಲಿ ಮಾಡುವವರು ಸಿಗದೆ, ಸೀಳಿದ ಲೋಟ ಹಿಡಿದು ತಿ. ನರಸೀಪುರಕ್ಕೆ ಹೋದೆ. ಅಲ್ಲಿಯ ಬಡಗಿ ಅದರ ಅಂಚನ್ನು ಒಂದಿಷ್ಟು ಕೆತ್ತಿ, ಮೂಸಿ ನಕ್ಕ.

"ಇದ್ಯಾವ ಒನ್ನೆ ಸಾ? ಅಲಸು ಕಣಿ."

ಹಲಸಿನ ಹೊಟ್ಟಿನ ವಾಸನೆ ನನ್ನ ಮೂಗಿಗೂ ಬಂತು. ಪಕ್ಕದ ಮನೆಯ ಬಡಗಿ ಮಾವ ಕಣ್ಣ ಮುಂದೆ ಬಂದು ಕೂತ... ಆ ಲೋಟ ಮಾಡಿಕೊಟ್ಟವನು ಅವನೇ.

ಸಂಬಂಧದ ಮಾವನೇನಲ್ಲ. ಅವ್ವನನ್ನು ಅಕ್ಕಾ ಎನ್ನುತ್ತಿದ್ದ, ಅದಕ್ಕೇ ನಮಗೆ ಮಾವ. ಮರ ಆರಿಸುವಾಗ ಹೆಣ್ಣು ನೋಡಲು ಹೋದವರಿಗಿಂತ ಹೆಚ್ಚು ಕೊಂಕು ತೆಗೆಯುತ್ತಿದ್ದ. ಅವನ ಹೆಂಡತಿಗೂ ಸಕ್ಕರೆ ಕಾಯಿಲೆಯಿತ್ತು. ಕೈಯಾರೆ ಹೊನ್ನೆ ಲೋಟ ಕಡೆದುಕೊಟ್ಟಿದ್ದ. ಅತ್ತೆ ಆ ನೀರನ್ನೇ ನಂಬಿ ಮಾತ್ರೆ ಬಿಟ್ಟಳು. ಕಾಲಿನ ಗಾಯ ಮಾಯಲಿಲ್ಲ... ಅವಳು ಉಳಿಯಲಿಲ್ಲ.

ಆಮೇಲೆ ಅವ್ವನಿಗೂ ಸಕ್ಕರೆ ಶುರುವಾಯಿತು. ಮಾತ್ರೆ ಕಂಡರೆ ಅವಳಿಗೆ ವಾಕರಿಕೆ. ಅವಳು ಹೋದದ್ದು ಅವಳ ಹಣೆಬರಹ, ನನಗೆ ಹೊನ್ನೆ ನೀರೇ ಸಾಕು ಎಂದು ಹಟ ಹಿಡಿದಳು. ಹೆಮ್ಮರಗಾಲದ ತವರಿನಿಂದ ಚೆಂದದ ಹೊನ್ನೆ ತುಂಡು ತರಿಸಿ ಮಾವನ ಮುಂದಿಟ್ಟಳು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡ. ತಟ್ಟಲಿಲ್ಲ, ಮೂಸಲಿಲ್ಲ, ಕೊಂಕೂ ತೆಗೆಯಲಿಲ್ಲ.

"ಮಾಡ್ಕೊಡ್ತೀನಿ ಬುಡಕ್ಕ. ಆದ್ರೆ ನನ್ ಲೋಟ ಮಾತ್ರೆ ಜೊತ್ಗಾದ್ರೇ ಕೆಲ್ಸ ಮಾಡೋದು. ಮಾತ್ರೆ ಬುಟ್ಟಿದ್ಯೋ, ವಾಪಸ್ ಇಸ್ಕತೀನಿ."

ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ "ಮಾತ್ರೆ ನುಂಗ್ದಾ ಅಕ್ಕಾ?" ಎಂದು ಕೂಗುತ್ತಿದ್ದ. ಲೋಟ ಕೈಬಿಟ್ಟು ಹೋದೀತೆಂಬ ಭಯಕ್ಕೆ ಅವ್ವ ಅವನಿಗೆ ಶಾಪ ಹಾಕುತ್ತಲೇ ನುಂಗುತ್ತಿದ್ದಳು.

ಅಂದರೆ ಇಷ್ಟು ವರ್ಷ ಅವ್ವ ಕುಡಿದದ್ದು ಹಲಸಿನ ನೀರು! ನನಗಂತೂ ತಲೆ ಕೆಟ್ಟು ಕೆರ ಹಿಡಿಯಿತು. ತವರಿನ ಹೊನ್ನೆ ಎಲ್ಲಿ ಹೋಯಿತು? ಮಾರಿಕೊಂಡನೇ? ಅಥವಾ ಅತ್ತೆ ಹೋದ ಮೇಲೆ ಹೊನ್ನೆಗೆ ಉಳಿ ಇಡಲು ಕೈ ಏಳಲಿಲ್ಲವೇ? ಹೊನ್ನೆಯಲ್ಲೇ ಮಾಡಿಕೊಟ್ಟು ಅದೇ ಮಾತು ಹೇಳಬಹುದಿತ್ತಲ್ಲ, ಪುಣ್ಯಾತ್ಮ! ಬೈಯಬೇಕೋ, ಕೈ ಮುಗಿಯಬೇಕೋ... ಕೇಳೋಣವೆಂದರೆ ಅವನಿಲ್ಲ. ಬೇಲಿಯಾಚೆ ಈಗ ಯಾರೋ ಕಾರು ನಿಲ್ಲಿಸುತ್ತಾರೆ. ಅವನ ಕೂಗು ನಿಂತು ಎಷ್ಟು ಕಾಲವಾಯಿತೆಂದು ಅಲ್ಲಿ ನಿಂತೇ ಹೊಳೆಯಿತು.

"ಯಾವ್ ಮರದಲ್ ಮಾಡ್ಲಿ ಸಾ?" ಎಂದ ಬಡಗಿ. "ಅಸಲಿ ಒನ್ನೆನೇ ಅದೆ ನನ್ ತಾವ."

ಹಲಸಿನಲ್ಲೇ ಮಾಡು ಎಂದೆ. ಯಾಕೆ ಎಂದು ಅವನು ಕೇಳಿದಾಗ ಹಳೆಯ ಲೋಟವನ್ನೇ ಅಳತೆಗೆ ಕೊಟ್ಟೆ.

ಮನೆಗೆ ತಂದ ಹೊಸ ಲೋಟವನ್ನು ಅವ್ವ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಒನ್ನೆ ತಾನೇ ಮಗಾ?"

"ಊ ಕನವ್ವ," ಎಂದೆ. "ಮಾತ್ರೆ ಬುಟ್ಟಿದ್ಯೋ, ವಾಪಸ್ ಇಸ್ಕತೀನಿ."